ಸೀಲು ಒಡೆಯದ ಟೇಪುಗಳು

ಪ್ರೀತಿಯ ತಂಗೀ,

ಕರ್ತನ ದಯೆಯಿಂದ ಸುಖವಾಗಿ ಬಂದು ತಲುಪಿದೆವು. ಆದರೆ ಇಲ್ಲಿ ನನ್ನ ತಲೆಯೇ ಕೆಟ್ಟುಹೋಗಿದೆ. ಇಪ್ಪತ್ತಾರು ವರ್ಷ ನಾನೂ ನಿನ್ನ ಭಾವನೂ ಸುವಾರ್ತೆಯ ಕಾರ್ಯಕ್ರಮ ಮಾಡಿ, ತಿಂಗಳಿಗೊಂದು ಪೆಟ್ಟಿಗೆ ಟೇಪು ಅಂಚೆಯಲ್ಲಿ ಕಳಿಸಿದ್ದು ಈ ಪ್ರಸಾರ ಕೇಂದ್ರಕ್ಕೇ. ನಿವೃತ್ತಿಗೆ ಮುಂಚೆ ಒಮ್ಮೆ ಕಣ್ಣಾರೆ ನೋಡೋಣವೆಂದು ಬಂದರೆ, ಯಂತ್ರದ ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದು ನಮ್ಮದೇ ಪೆಟ್ಟಿಗೆ! ಕಪಾಟಿನಲ್ಲಿ ಇನ್ನೂ ಇಪ್ಪತ್ತಮೂರು. ಒಂದರ ಸೀಲೂ ಒಡೆದಿಲ್ಲ.

"ನಿಮ್ಮ ಪ್ರೋಗ್ರಾಂ ನಿಂತು ಎರಡು ವರ್ಷ ಆಯ್ತಲ್ಲಮ್ಮ, ಆಫೀಸಿನವರು ಹೇಳ್ಲೇ ಇಲ್ವಾ?" ಎಂದ ಎಂಜಿನಿಯರ್.

ನಿನ್ನ ಭಾವ ಜಗ್ಗಲಿಲ್ಲ. ಬೈಬಲಿನೊಳಗಿಂದ ಹೋದ ತಿಂಗಳ ನಿನ್ನ ಕಾರ್ಡು ತೆಗೆದು ಅವನ ಮುಂದೆ ಹಿಡಿದರು. "ನೋಡಪ್ಪಾ, ನಮ್ಮ ನಾದಿನಿ ಪ್ರತಿ ವಾರ ಕೇಳ್ತಾಳೆ. ನನ್ನ ಗಂಟಲು ಕಟ್ಟಿದ್ದೂ ಅವಳಿಗೆ ಗೊತ್ತಾಗಿದೆ!"

ಅವನು ತಲೆ ಕೆರೆದುಕೊಂಡ. ನಾನೂ ಕೆರೆದುಕೊಂಡೆ. ನೀನು ಕಾರ್ಡಿನಲ್ಲಿ ಹೇಳಿದ ಆ ಕಾರ್ಯಕ್ರಮದ ರೆಕಾರ್ಡಿಂಗಿನ ದಿನ ಇವರ ಗಂಟಲು ಕಟ್ಟಿದ್ದು ನಿಜ. ಅದನ್ನು ನಾನು ನಿನಗೆ ಬರೆದ ನೆನಪಿಲ್ಲ. ಬರೆದಿದ್ದೆನೇನೇ? ಇಲ್ಲವಾದರೆ, ಎರಡು ವರ್ಷ ನೀನು ಕೇಳಿದ್ದಾದರೂ ಏನು?

ಗಂಟಲು ಈಗ ವಾಸಿಯಾಗಿದೆ, ನನ್ನ ಮಂಡಿನೋವು ಹಾಗೇ ಇದೆ. ಮುಂದಿನ ವಾರದ ಕಾರ್ಯಕ್ರಮ ಬರೆಯಬೇಕೆಂದು ಇವರು ಪೆನ್ನು ಕೇಳುತ್ತಿದ್ದಾರೆ, ಕೊಡಬೇಕು. ಉತ್ತರವನ್ನು ಕವರಿನಲ್ಲಿ ಹಾಕಿ ಅಂಟಿಸು. ಕಾರ್ಡಾದರೆ ಮೊದಲು ಓದುವವರು ಇವರೇ.

ನಿನ್ನ ಅಕ್ಕ