ತುಕ್ಕು ಇಷ್ಟು ನೇರವಾಗಿ ಕಡಿಯುವುದಿಲ್ಲ

ಹ್ಯಾಸ್ಕೆಲ್ ಕಾರ್ನರ್, ಮೇನ್
೧೧ ಮಾರ್ಚ್ ೧೯೯೬, ಸೋಮವಾರ

ಹಡಗಿನಲ್ಲಿರುವ ಮೊಮ್ಮಗಳು ರೋವೆನಾಗೆ ಮನೆಯಿಂದ ಅಜ್ಜಿಯ ಆಶೀರ್ವಾದ.

ಆರೋಗ್ಯವಾಗಿದ್ದೀಯಾ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಬೊಕ್ಕೆ ಎದ್ದಿವೆ ಎಂದು ಬರೆದಿದ್ದೆ, ಈಗ ಹೇಗಿದೆ? ಕೆರೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಇಷ್ಟು ಕೇಳುವುದು ಪದ್ಧತಿ, ಕೇಳಿದ್ದಾಯಿತು. ಇನ್ನು ಮುಂದಿರುವುದು ಬೈಗುಳ. ನಿನ್ನ ಪಾಳಿ ಮುಗಿದ ಮೇಲೆ, ಪಕ್ಕದಲ್ಲಿ ಯಾರೂ ಇಲ್ಲದಾಗ ಓದು. ಆರನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿರಬಹುದು, ಮಾತು ನೆಟ್ಟಗಿರುತ್ತದೆ.

ನೀನು ಕ್ರಿಸ್ಮಸ್ ರಜೆ ಮುಗಿಸಿ ಹೋದ ಮಾರನೆಯ ದಿನದಿಂದಲೇ ನಿನ್ನ ತಾತನ ಹಸಿರು ಟ್ರಕ್ಕು ಹಟ ಹಿಡಿಯಿತು. ಕೀಲಿ ತಿರುಗಿಸಿದರೆ ಟಿಕ್ ಎಂದು ಸುಮ್ಮನಾಗುವುದು. ಹಾರ್ಲನ್ ಪೀಸ್ಲಿಯನ್ನು ಕರೆಸಿದೆ. ಅವನು ನಿನ್ನ ತಾತ ಇದ್ದಾಗಿನಿಂದ ಈ ಟ್ರಕ್ಕಿಗೆ ವೈದ್ಯ. ಹೊಸ ಬ್ಯಾಟರಿ ಹಾಕಿದ. ಆಗಲಿಲ್ಲ. ಸೆಲ್ಫ್ ಮೋಟರ್ ಬದಲಿಸಿದ. ಆಮೇಲೆ ಒಮ್ಮೆ ಏಳುವುದು, ಒಮ್ಮೆ ಇಲ್ಲ. ದೀಪ ಹಾಕಿದರೆ ಮಿಣುಕು ಹುಳದ ಬೆಳಕು. ಟ್ರಕ್ಕಿನ ಅಡಿಗೆ ಹೋಗಿ ಅರ್ಥಿಂಗ್ ಪಟ್ಟಿ ನೋಡಯ್ಯಾ ಎಂದೆ. "ಅದನ್ನ ನೋಡೋದೇನಿದೆ ಆಲ್ಥಿಯಾ, ಹೋದ ವರ್ಷ ನಾನೇ ಹಾಕಿದ್ದು, ನನಗಿಂತ ಹೆಚ್ಚು ದಿನ ಬಾಳತ್ತೆ" ಎಂದು ಮೂಗು ಮುರಿದ. ತಾನು ಹಾಕಿದ ಬೋಲ್ಟನ್ನು ತಾನೇ ಅನುಮಾನಿಸುವ ಗಂಡಸು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಫೆಬ್ರವರಿ ಕೊನೆಯ ಶನಿವಾರ ರೈತ ಸಂಘದ ಗ್ರೇಂಜ್ ಹಾಲಿನಲ್ಲಿ ಊರವರೆಲ್ಲ ಸೇರುವ ಬೀನ್ಸ್ ಊಟ. ನನ್ನ ಪಾಲಿಗೆ ಎರಡು ಮಡಕೆ ಬೀನ್ಸ್, ಬೆಳಗ್ಗೆಯಿಂದ ಕಾಕಂಬಿ ಹಾಕಿ ಬೇಯಿಸಿದ್ದು. ಟ್ರಕ್ಕಿನ ಸೀಟಿನ ಮೇಲಿಟ್ಟು ಹೊರಟೆ. ಮುಸ್ಸಂಜೆ, ದೀಪ ಹಾಕಿದ್ದೆ. ಚರ್ಚಿನ ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಟ್ರಕ್ಕು ನುಗ್ಗುತ್ತಲೇ ಇತ್ತು. ಕಾಲ ಬುಡದಲ್ಲಿ ರಬ್ಬರು ಸುಟ್ಟ ವಾಸನೆ, ಹೊಗೆ. ಕೀಲಿ ತಿರುಗಿಸಿ ಆರಿಸಿ, ಹಿಮದ ದಿಬ್ಬಕ್ಕೆ ಹೋಗಿ ಗುದ್ದಿಕೊಂಡೆ. ಒಂದು ಮಡಕೆ ಹೋಯಿತು, ನಾನು ಉಳಿದೆ. ಉಳಿದ ಮಡಕೆ ಕಂಕುಳಲ್ಲಿಟ್ಟುಕೊಂಡು ಹಾಲಿಗೆ ನಡೆದೆ. ಒಳಗೆ ನಲವತ್ತು ಜನ. ಹಾರ್ಲನ್ ಬಾಯಿಗೆ ಚಮಚ ಇಡುವುದರಲ್ಲಿದ್ದ. ಕಳ್ಳ, ಕೆಲಸ ಬಾರದವನು, ಮುದುಕಿಯರನ್ನು ಬೋಳಿಸಿ ತಿನ್ನುವವನು, ನಿನ್ನ ಕೈಗೆ ಸ್ಪ್ಯಾನರ್ ಕೊಟ್ಟವನಿಗೆ ಬುದ್ಧಿ ಇರಲಿಲ್ಲ ಎಂದು ಎಲ್ಲರೆದುರು ಒಂದೇ ಉಸಿರಿನಲ್ಲಿ ಅಂದೆ. ಅವನು ತಟ್ಟೆ ಹಾಗೇ ಬಿಟ್ಟು ಕೋಟು ಹಾಕಿಕೊಂಡು ಹೊರಟುಹೋದ. ಮೂವತ್ತು ವರ್ಷದಲ್ಲಿ ಅವನು ಊಟ ಬಿಟ್ಟು ಎದ್ದದ್ದು ಅದೇ ಮೊದಲು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ಬಿಸಿಲಿತ್ತು. ರಟ್ಟಿನ ಪೆಟ್ಟಿಗೆ ಬಿಡಿಸಿ ನೆಲಕ್ಕೆ ಹಾಸಿ, ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಟ್ರಕ್ಕಿನ ಅಡಿಗೆ ಅಂಗಾತ ತೆವಳಿದೆ. ಎಂಜಿನ್ನಿಗೂ ಚಾಸಿಗೂ ನಡುವೆ ಜಡೆಯ ಹಾಗೆ ಹೆಣೆದ ಆ ತಾಮ್ರದ ಪಟ್ಟಿ ಎರಡು ತುಂಡಾಗಿ ನೇತಾಡುತ್ತಿತ್ತು. ಹಿಮ ಕರಗಲೆಂದು ರಸ್ತೆಗೆ ಸುರಿಯುವ ಉಪ್ಪಿಗೆ ತುಕ್ಕು ತಿಂದು ಹೋಗಿದೆ ಎಂದು ಬೇರೆ ಯಾರಾದರೂ ಅಂದುಕೊಳ್ಳಬಹುದಿತ್ತು. ಆದರೆ ತುಕ್ಕು ಹಿಡಿಯದಿರಲೆಂದು ಪ್ರತಿ ಅಕ್ಟೋಬರಿನಲ್ಲಿ ಅಡಿಗೆಲ್ಲ ಹಳೇ ಆಯಿಲ್ ಬಳಿಯುವ ಮನೆ ನಮ್ಮದು. ಹೋದ ಅಕ್ಟೋಬರಿನಲ್ಲಿ ನಾನೇ ಬಳಿಸಿದ್ದೆ. ಪಟ್ಟಿಯ ಮೈ ಕಾಡಿಗೆಯಂತೆ ಕಪ್ಪು, ತುಂಡಾದ ಕೊನೆ ಮಾತ್ರ ಹೊಸ ಪೆನ್ನಿ ನಾಣ್ಯದಂತೆ ಹೊಳೆಯುತ್ತಿತ್ತು. ತುಕ್ಕು ಇಷ್ಟು ನೇರವಾಗಿ ಕಡಿಯುವುದಿಲ್ಲ ರೋವೆನಾ. ಕಟಿಂಗ್ ಪ್ಲೇಯರ್ ಕಡಿಯುತ್ತದೆ. "ಸೈಲೆನ್ಸರ್ ಅಲ್ಲಾಡ್ತಿದೆ ಅಜ್ಜಿ, ಬಿಗಿ ಮಾಡ್ತೀನಿ, ನೀನು ಒಳಗೆ ಹೋಗು, ಚಳಿ" ಎಂದು ಹೊರಡುವ ಹಿಂದಿನ ದಿನ ಅಡಿಯಲ್ಲಿ ಮಲಗಿದ್ದವಳು ನೀನೊಬ್ಬಳೇ.

ಯಾಕೆ ಕಡಿದೆ ಎಂದು ನನಗೆ ತಿಳಿಯದು ಅಂದುಕೊಳ್ಳಬೇಡ. ಅಜ್ಜಿಗೆ ಕಣ್ಣು ಮಂದ, ಅಜ್ಜಿ ಟ್ರಕ್ಕು ಓಡಿಸಬಾರದು. ಬ್ಯಾಟರಿ ತಂತಿ ಬಿಚ್ಚಿದರೆ ಗೊತ್ತಾಗುತ್ತದೆ ಎಂದು ನೀನು ಅಡಿಗೆ ಹೋದೆ. ಅಂಗಡಿ ಹನ್ನೆರಡು ಮೈಲಿ ದೂರವಿರುವ ಊರಿನಲ್ಲಿ ಟ್ರಕ್ಕಿಲ್ಲದ ಮುದುಕಿ ಒಂದು ಸೇರು ಹಿಟ್ಟಿಗೂ ಇನ್ನೊಬ್ಬರ ಬಾಗಿಲು ಕಾಯಬೇಕು ಎಂಬುದು ನಿನಗೆ ಹೊಳೆಯಲಿಲ್ಲವೇ? ನನ್ನ ಕಣ್ಣು ನೆಟ್ಟಗಿದೆ. ಆ ಪಟ್ಟಿಯನ್ನು ಕಂಡುಹಿಡಿದದ್ದು ಹಾರ್ಲನ್ನಿನ ಕಣ್ಣಲ್ಲ, ಇದೇ ಕಣ್ಣು. ಇನ್ನು ನಿನ್ನ ವಿದ್ಯೆಯ ಮಾತು. ಹತ್ತು ವರ್ಷದವಳಿದ್ದಾಗ ತಾತ ನಿನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಅದೇ ಪಟ್ಟಿ ತೋರಿಸಿ ಹೇಳಿದ್ದ, "ಬ್ಯಾಟರಿ ಬಿಟ್ಟು ಹೊರಟ ಕರೆಂಟು ಮನೆಗೆ ವಾಪಸ್ ಬರ್ಲೇಬೇಕು ಮಗಾ. ದಾರಿ ಕಡಿದ್ರೆ ಬೇಲಿ ಹಾರಿಯಾದ್ರೂ ಬರತ್ತೆ." ಬಂತು. ಆಕ್ಸಿಲರೇಟರ್ ಕೇಬಲ್ಲಿನ ಮೇಲೆ ಹಾದು ಬಂತು. ಅದು ಕಾದು ಕೆಂಪಾಗಿ, ಹೊದಿಕೆ ಕರಗಿ, ಒಳಗೇ ಕಚ್ಚಿಕೊಂಡಿತು. ನನ್ನನ್ನು ಬದುಕಿಸಲು ಹೋಗಿ ಇಳಿಜಾರಿನಲ್ಲಿ ಕೊಲ್ಲುತ್ತಿದ್ದೆ. ಅಷ್ಟು ದೊಡ್ಡ ಹಡಗಿನ ಎಂಜಿನ್ನನ್ನು ನಿನ್ನ ಕೈಗೆ ಯಾರು ಕೊಟ್ಟರೋ ಅವರನ್ನು ದೇವರೇ ಕಾಯಬೇಕು.

ಸತ್ತಿದ್ದರೆ ಸತ್ತೆ, ಅದಕ್ಕಿಂತ ಹೆಚ್ಚಿನದು ಇದು: ನೀನು ನನ್ನಿಂದ ಒಬ್ಬ ನಿಯತ್ತಿನ ಮನುಷ್ಯನನ್ನು ಕಳ್ಳ ಅನ್ನಿಸಿದೆ. ಸಭೆಯಲ್ಲಿ ಬೈದದ್ದನ್ನು ಅಡುಗೆಮನೆಯಲ್ಲಿ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ. ಮೊನ್ನೆ ಶನಿವಾರದ ಊಟಕ್ಕೆ ಅವನು ಬಂದು ಬಾಗಿಲ ಬಳಿ ಕೂತಿದ್ದ. ನಾನು ಸೌಟು ಹಿಡಿದೇ ಎದ್ದು ನಿಂತು, ತಪ್ಪು ನನ್ನದು, ಪಟ್ಟಿಯನ್ನು ನಮ್ಮ ಮನೆಯವರೇ ಕಡಿದದ್ದು, ಹಾರ್ಲನ್ ಹಾಕಿದ ಬೋಲ್ಟುಗಳೆರಡೂ ಇನ್ನೂ ಬಿಗಿಯಾಗಿವೆ ಎಂದೆ. ನಿನ್ನ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಮ್ಮ ಮನೆಯಲ್ಲಿ ಇರುವವರೆಷ್ಟು ಮಂದಿ? ಹಾರ್ಲನ್ ಬಹಳ ಹೊತ್ತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಆಮೇಲೆ, "ಕಳ್ಳ ಅಂದಿದ್ದಕ್ಕೆ ಬೇಜಾರಿಲ್ಲ ಆಲ್ಥಿಯಾ. ಕೆಲ್ಸ ಬರಲ್ಲ ಅಂದ್ಯಲ್ಲ, ಅದು ನಾಟ್ತು. ಆದ್ರೂ ನೀನು ಹೇಳಿದಾಗ ಅಡಿಗೆ ಹೋಗಿ ನೋಡ್ಬೇಕಿತ್ತು ನಾನು. ಬೀನ್ಸ್ ಹಾಕು" ಎಂದ. ಎರಡು ಸೌಟು ಹಾಕಿದೆ. ನಿನ್ನೆ ಬಂದು ಹೊಸ ಪಟ್ಟಿ, ಹೊಸ ಕೇಬಲ್ ಹಾಕಿಕೊಟ್ಟು ಹೋದ. ಅವನಿಗೆ ನೀನೇ ನಿನ್ನ ಕೈಯಾರೆ ಕಾಗದ ಬರೆಯಬೇಕು. ಬರೆಯದಿದ್ದರೆ ಈ ಮನೆಯ ಹೊಸಿಲು ತುಳಿಯಬೇಡ.

ಹಡಗಿನಲ್ಲಿ ಕೂದಲು ಬಿಗಿಯಾಗಿ ಕಟ್ಟಿಕೋ, ಯಂತ್ರಕ್ಕೆ ಸಿಕ್ಕೀತು. ದೇವರು ನಿನ್ನನ್ನು ನೀರಿನ ಮೇಲೆಯೇ ಇಟ್ಟಿರಲಿ, ಕೆಳಗೆ ಬೇಡ.

ಇನ್ನೂ ಸಿಟ್ಟಿನಲ್ಲಿರುವ,
ಅಜ್ಜಿ ಆಲ್ಥಿಯಾ

ತಾ.ಕ. ಅಂಚೆಯವನ ವ್ಯಾನು ತಿರುವಿನಲ್ಲಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ಡಿಸೆಂಬರಿನಲ್ಲಿ ನೆರೆಮನೆ ಲೀತಾಳ ರಸ್ತೆಬದಿಯ ಟಪಾಲು ಪೆಟ್ಟಿಗೆಯನ್ನು ಉರುಳಿಸಿದ್ದು ಹಿಮ ತಳ್ಳುವ ಗಾಡಿ ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ನೀನು ನಮ್ಮ ಟ್ರಕ್ಕಿನ ಬಂಪರಿನ ಮೇಲಿದ್ದ ಅವಳ ಪೆಟ್ಟಿಗೆಯ ಬಿಳಿ ಬಣ್ಣ ಒರೆಸುತ್ತಿದ್ದುದನ್ನು ಕಿಟಕಿಯಿಂದ ನೋಡಿದ್ದೆ. ಟ್ರಕ್ಕು ಬಡಿಯುವ ತನಕ ಆ ಪೆಟ್ಟಿಗೆ ನನಗೆ ಕಾಣಲಿಲ್ಲ. ಎಡಗಡೆಯ ಪಕ್ಕಕ್ಕೆ ಈಗ ಏನೂ ಕಾಣುವುದಿಲ್ಲ. ಪಟ್ಟಿ ಕೂಡ ಕಂಡದ್ದು ಕೈ ತಡವಿದ ಮೇಲೆ. ಟ್ರಕ್ಕಿನ ಕೀಲಿ ಈ ಲಕೋಟೆಯಲ್ಲಿದೆ. ಇನ್ನೊಂದು ಇಲ್ಲ, ತಾತನದು ಅವನ ಜೇಬಿನಲ್ಲೇ ಮಣ್ಣಿಗೆ ಹೋಯಿತು. ಡಿಸೆಂಬರಿನಲ್ಲಿ ನೀನು ಕೇಳಿದ್ದರೆ ಕೊಡುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಕೇಳಬೇಕಿತ್ತು.