ಆರನೇ ಟ್ಯಾಂಕಿನ ಹಾಲು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಗಡಿಬಿಡಿ,

ಮಂಗಳವಾರ ನಿನ್ನ ತಮ್ಮ ಬಂದಿದ್ದ. ನೀನು ಹೇಳಿಕಳಿಸಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಜಾಮೀನಿನ ಮೇಲೆ ಹೊರಗಿರುವ ನೀನು ಸಾಕ್ಷಿಯಾದ ನನ್ನನ್ನು ನೋಡಬಾರದು, ಫೋನೂ ಮಾಡಬಾರದು ಎಂದು ಕೋರ್ಟು ಹೇಳಿದ ಮೇಲೆ ನಮ್ಮಿಬ್ಬರ ನಡುವೆ ಓಡಾಡಲು ಅವನೊಬ್ಬನೇ ಉಳಿದಿದ್ದಾನೆ. ಪಾಪ, ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ. ಕೂತ್ಕೋ ಎಂದರೂ ಕೂರಲಿಲ್ಲ. ಬಲಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯಲೇ ಇಲ್ಲ. "ಅಕ್ಕ ಹೇಳು ಅಂದ್ಲು, ಹೇಳ್ದೆ. ನೀವೇನು ಮಾಡ್ಬೇಕು ಅಂತ ನಾನು ಹೇಳಲ್ಲ" ಎಂದು, ಕೊಟ್ಟ ಟೀಯನ್ನು ಅರ್ಧ ಕುಡಿದು ಹೋದ. ಉತ್ತರ ಒಯ್ಯಲು ನಾಳೆ ಬರುತ್ತಾನೆ. ಬಾಯಲ್ಲಿ ಹೇಳಿಕಳಿಸಿದರೆ ಅವನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕ್ಷೇಮ ಎಂದು ಬರೆಯುವುದು ರೂಢಿ. ಕೈ ಏಳುತ್ತಿಲ್ಲ. ಸುಸ್ತಾಗಿದೆ ಕಣೇ, ನಿದ್ದೆ ಮಾಡಿದರೂ ಇಳಿಯದ ಸುಸ್ತು. ಡೈರಿಯಲ್ಲಿ ಈಗ ಕತ್ತೆತ್ತಿದ ಕಡೆಯೆಲ್ಲ ಕ್ಯಾಮೆರಾ. ಟ್ಯಾಂಕಿನ ಮುಚ್ಚಳ ತೆರೆಯುವಾಗ ಇಬ್ಬರು ಇರಲೇಬೇಕು ಎಂಬ ನಿಯಮ ಹಾಗೇ ಇದೆ. ನಿನ್ನ ಜಾಗಕ್ಕೆ ಬಂದವಳು ಏಣಿಯ ಮೇಲೆ ನನ್ನ ಪಕ್ಕ ನಿಂತು ನನ್ನ ಕೈಯನ್ನೇ ನೋಡುತ್ತಾಳೆ. ನಾನು ಅವಳ ಕೈ ನೋಡುತ್ತೇನೆ. ನಿಯಮ ಇರುವುದೇ ಅದಕ್ಕೆ, ಸರಿ. ಆದರೆ ನೀನೂ ನಾನೂ ಅದೇ ಮುಚ್ಚಳದ ಪಕ್ಕ ನಿಂತು ಲೋಕದ ಸುದ್ದಿಯನ್ನೆಲ್ಲ ಹರಟುತ್ತಿದ್ದೆವಲ್ಲ. ಇವಳ ಹತ್ತಿರ ಎರಡು ಮಾತಾದ ಮೇಲೆ ಮೂರನೆಯದು ಹೊರಡುವುದಿಲ್ಲ. ಊಟದ ಡಬ್ಬಿ ತೆರೆದ ಕೂಡಲೇ ಮೂಸುತ್ತೇನೆ. ಬೆಳಿಗ್ಗೆ ನಾನೇ ಮಾಡಿದ ಅಡುಗೆಯನ್ನೂ ಮೂಸುತ್ತೇನೆ. ನೀನು ಮೂಸಕ್ಕ ಎಂದು ಹೆಸರಿಟ್ಟು ನಗುತ್ತಿದ್ದಾಗ ಅದು ಹಾಲು ಪರೀಕ್ಷಿಸುವವಳ ಕೆಲಸದ ಅಭ್ಯಾಸವಾಗಿತ್ತು. ಈಗ ರೋಗವಾಗಿದೆ.

ಇರಲಿ. ನೀನು ಕೇಳಿದ್ದು ಎರಡು. ಟ್ಯಾಂಕು ತೊಳೆಯುವ ಪೈಪಿನ ವಾಲ್ವ್ ಸೋರುತ್ತಿತ್ತು, ಅದರಿಂದಲೇ ಕಾಸ್ಟಿಕ್ ದ್ರಾವಣ ಆರನೇ ಟ್ಯಾಂಕಿಗೆ ಇಳಿದಿರಬೇಕು ಎಂದು ನಾನು ಕೋರ್ಟಿನಲ್ಲಿ ಹೇಳಬೇಕು. ಲ್ಯಾಬಿನ ಫ್ರೀಜರಿನಲ್ಲಿ ನಾನು ತೆಗೆದಿಟ್ಟ ಆ ಹಾಲಿನ ಬಾಟಲಿ ಕೆಟ್ಟುಹೋಯಿತು ಎನ್ನಬೇಕು. ಪೊಲೀಸರು ಒಯ್ದದ್ದು ದಾರಿಯಲ್ಲೇ ಒಡೆದುಹೋಯಿತು, ಉಳಿದಿರುವುದು ಇದೊಂದೇ, ಇದನ್ನು ಸೋಮವಾರದೊಳಗೆ ಒಪ್ಪಿಸಬೇಕು ಎಂಬುದು ನಿನ್ನ ವಕೀಲರಿಗೆ ಗೊತ್ತಾಗಿದೆ. ಸೋರಿದ್ದರೆ ಹಾಲಿನಲ್ಲಿ ದ್ರಾವಣ ಸ್ವಲ್ಪವೇ ಇರುತ್ತದೆ. ಯಾರಾದರೂ ಸುರಿದಿದ್ದರೆ ಮಾತ್ರ ಈ ಬಾಟಲಿಯಲ್ಲಿ ಇರುವಷ್ಟು ಇರಲು ಸಾಧ್ಯ. ಬಾಟಲಿಯನ್ನು ಪರೀಕ್ಷಿಸಿದವರಿಗೆ ಅದು ತಿಳಿದೇ ತಿಳಿಯುತ್ತದೆ.

ಅವತ್ತು ನನ್ನ ಕಡೆ ಏನೇನಾಯಿತು ಎಂದು ನಾನು ನಿನಗೆ ಹೇಳಿಯೇ ಇಲ್ಲ. ಹೇಳಲು ನಮಗೆ ಸಮಯವೂ ಸಿಗಲಿಲ್ಲ. ಈಗ ಹೇಳುತ್ತೇನೆ, ಬೇಜಾರಾದರೂ ಓದು.

ನಾನು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಬಂದಿದ್ದೆ. ಆರನೇ ಟ್ಯಾಂಕಿನ ಪರೀಕ್ಷೆ ಬೆಳಿಗ್ಗೆಯೇ ಮುಗಿದು ಹಾಲು ಪ್ಯಾಕಿಂಗಿಗೆ ಹೊರಟಾಗಿತ್ತು. ಮತ್ತೆ ನೋಡುವ ಪ್ರಶ್ನೆಯೇ ಇರಲಿಲ್ಲ. ನಾನು ಕೋಟು ಹಾಕಿಕೊಳ್ಳುತ್ತಿದ್ದಾಗ ಪ್ಯಾಕಿಂಗ್ ವಿಭಾಗದ ದಪ್ಪ ಕನ್ನಡಕದವಳು ತಲೆನೋವಿನ ಮಾತ್ರೆ ಕೇಳಿಕೊಂಡು ಬಂದಳು. ಮಾತ್ರೆ ತೆಗೆದುಕೊಂಡು ಹೋಗುತ್ತಾ, "ಇವತ್ತಿನ ಹಾಲೇನು ಮೇಡಂ, ಕೈಗೆ ಸೋಪು ಹಚ್ಚಿದಂಗೆ ಜಾರ್ತದೆ, ಬಟ್ಟೆ ಒಗೀಬಹುದು" ಎಂದು ನಕ್ಕಳು. ನಾನೂ ನಕ್ಕೆ. ಅವಳು ಬಾಗಿಲು ದಾಟಿದ ಮೇಲೆ ನನ್ನ ನಗು ನಿಂತಿತು.

ಓಡಿಹೋಗಿ ಒಂದು ಪ್ಯಾಕೆಟ್ ತಂದು ಕತ್ತರಿಸಿದೆ. ಪರೀಕ್ಷೆಯ ಹನಿ ಬಿದ್ದದ್ದೇ ತಡ, ಹಾಲು ಗುಲಾಬಿ ಬಣ್ಣಕ್ಕೆ ತಿರುಗಿತು. ಪ್ಯಾಕಿಂಗ್ ನಿಲ್ಲಿಸಿ ಎಂದು ಎಷ್ಟು ಜೋರಾಗಿ ಕೂಗಿದೆನೋ, ಆಮೇಲೆ ವಾರವೆಲ್ಲ ಗಂಟಲು ಕಟ್ಟಿತ್ತು. ಅಷ್ಟರಲ್ಲಿ ಒಂದು ವ್ಯಾನು ಗೇಟು ದಾಟಿತ್ತು. ಮಕ್ಕಳ ಆಸ್ಪತ್ರೆಗೆ, ಅದರ ಹಿಂದಿನ ಹಾಸ್ಟೆಲಿಗೆ ಹೋಗುವ ವ್ಯಾನು. ಡ್ರೈವರ್ ಫೋನು ಎತ್ತಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ಅವರು ನನ್ನನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ದಾಟಿಸುತ್ತಲೇ ಇದ್ದರು. ಮ್ಯಾನೇಜರರ ಕಾರಿನಲ್ಲಿ ಹೊರಟೆ. ಆಸ್ಪತ್ರೆಯಲ್ಲಿ ಕ್ರೇಟುಗಳು ಇನ್ನೂ ಹಿಂಬಾಗಿಲಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಹಾಸ್ಟೆಲಿನ ಅಡುಗೆಮನೆಗೆ ಹೋದಾಗ ಹಾಲು ಒಲೆಯ ಮೇಲಿತ್ತು.

ಅಡುಗೆಯವನು ನನಗೆ ಅಡ್ಡ ನಿಂತ. "ನನ್ನ ಒಲೆ ಮೇಲಿರೋ ಹಾಲಿಗೆ ಕೈ ಹಾಕೋಕೆ ನೀವ್ಯಾರಮ್ಮ?" ಎಂದ. ಅವನ ತುಟಿ ಆಗಲೇ ಕೆಂಪಾಗಿ ಊದಿತ್ತು. ಸಕ್ಕರೆ ಸರಿಯಿದೆಯೇ ಎಂದು ನೋಡಲು ಒಂದು ಸೌಟು ಬಾಯಿಗೆ ಸುರಿದುಕೊಂಡಿದ್ದನಂತೆ. ಸೌಟಿಗೆ ಮೆಣಸಿನಕಾಯಿ ತಾಗಿರಬೇಕು ಅಂದುಕೊಂಡಿದ್ದ. ಕಲ್ಲಿನ ಕಟ್ಟೆಯ ಮೇಲೆ ಲೋಟಗಳನ್ನು ಸಾಲಾಗಿ ಜೋಡಿಸಿಟ್ಟಾಗಿತ್ತು. ಹೊರಗೆ ಶಾಲೆಯಿಂದ ಬಂದ ಮಕ್ಕಳು ಚಪ್ಪಲಿ ಬಿಡುವ ಸದ್ದು, ತಳ್ಳಾಟದ ಸದ್ದು. ನಾನು ಪಾತ್ರೆಯನ್ನೇ ಬಗ್ಗಿಸಿ ಮೋರಿಗೆ ಸುರಿದೆ. ಮುಂಗೈ ಸುಟ್ಟಿತು, ಕಲೆ ಇನ್ನೂ ಇದೆ. ಆತ ನನ್ನನ್ನು ಬೈಯುತ್ತಾ ಬೈಯುತ್ತಾ ಗಂಟಲು ಹಿಡಿದುಕೊಂಡು ಕುಸಿದ.

ಆತ ಬದುಕಿದ. ಆದರೆ ಮೊನ್ನೆ ನೋಡಲು ಹೋದರೆ ಅವನ ದನಿ ಯಾರೋ ಪಕ್ಕದ ಕೋಣೆಯಿಂದ ಮಾತಾಡಿದ ಹಾಗೆ ಕೇಳುತ್ತಿತ್ತು. ಗಟ್ಟಿ ಪದಾರ್ಥ ನುಂಗಲು ಈಗಲೂ ಆಗುವುದಿಲ್ಲವಂತೆ. ಅಡುಗೆಯವನಿಗೆ, ನೋಡು.

"ನೀನು ಹಿಡಿದೇ ಹಿಡೀತೀಯ, ಹಾಲು ಗೇಟು ದಾಟಲ್ಲ ಅಂತ ಗೊತ್ತಿತ್ತು ಕಣೇ" ಎಂದು ನೀನು ಆಮೇಲೆ ಹೇಳಿದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ನೀನು ನನ್ನನ್ನು ನಂಬಿದ್ದೆ. ಡೈರಿಯವರೆಲ್ಲ ನಿನ್ನನ್ನು ನಂಬಿದ್ದರು. ಬೇರೆ ಯಾರಾದರೂ ಒಬ್ಬರೇ ಆ ಏಣಿ ಹತ್ತಿದ್ದರೆ ಹತ್ತು ಜನ ಕೇಳುತ್ತಿದ್ದರು. ನೀನು ಹತ್ತಿದಾಗ ಯಾರೂ ತಲೆ ಎತ್ತಿ ನೋಡಲಿಲ್ಲ. ಮುಚ್ಚಳ ತೆರೆದು, ಮುಚ್ಚಿ, ಹೊಸ ಸೀಲು ಹಾಕಿ ಇಳಿದೆ. ಸೀಲು ಸರಿಯಾಗಿದ್ದುದರಿಂದಲೇ ಎಲ್ಲರೂ ಬೆಳಗಿನ ಪರೀಕ್ಷೆಯಲ್ಲಿ ತಪ್ಪಿರಬೇಕು, ಹಾಲು ಬರುವಾಗಲೇ ಕೆಟ್ಟಿತ್ತು ಅಂದುಕೊಂಡರು. ಹಾಲು ತಂದ ಟ್ಯಾಂಕರಿನ ಡ್ರೈವರನ್ನು ಹಿಡಿದುಕೊಂಡು ಹೋದರು.

ಅವನನ್ನು ಬಿಡಿಸಲು ನೀನೇ ಬಾಯಿ ಬಿಟ್ಟೆ. ಅದನ್ನು ನಾನು ಮರೆತಿಲ್ಲ. ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು, ಕನ್ನಡಿ ನೋಡುತ್ತಾ, "ಅವನೇನೂ ಮಾಡಿಲ್ಲ, ನಾನು ಮಾಡಿದ್ದು" ಎಂದೆ. ಹೋಗಿ ಹೇಳು ಎಂದೆ ನಾನು. "ಕಾಲು ಬರ್ತಿಲ್ಲ" ಎಂದೆ ನೀನು. ನಾನು ಕಾದೆ. ಸಂಜೆ ನೀನು ಎಂದಿನ ಬಸ್ಸು ಹತ್ತಿ ಮನೆಗೆ ಹೋದೆ. ನಾನು ಅದನ್ನು ಹೇಳಲು ಠಾಣೆಗೆ ಹೋದೆ. ಮೆಟ್ಟಿಲ ಮೇಲೆ ಆ ಡ್ರೈವರನ ಹೆಂಡತಿ ಕೂತಿದ್ದಳು. ಒಳಗೆ ಬಿಡದಿದ್ದುದಕ್ಕೆ ಅವನ ಚಪ್ಪಲಿಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವನು ಹೊರಗೆ ಬಂದಾಗ ಆ ಚಪ್ಪಲಿ ಅವನ ಕಾಲಿಗೆ ಹಿಡಿಸಲಿಲ್ಲ. ಅಷ್ಟು ಊದಿತ್ತು.

ನಿನ್ನ ಸಿಟ್ಟು ಸುಳ್ಳಲ್ಲ. ಯಂತ್ರ ಬೇಗ ಓಡಲಿ ಎಂದು, ಕೈ ಸಿಕ್ಕದಂತೆ ಅದಕ್ಕೆ ಹಾಕಿದ್ದ ಅಡ್ಡತಗಡನ್ನು ತೆಗೆಸಿದ್ದು ಮ್ಯಾನೇಜರ್. ಬೆರಳು ಕಳೆದುಕೊಂಡಿದ್ದು ನಿನ್ನ ತಮ್ಮ. ಸ್ವಂತ ಅಜಾಗರೂಕತೆ ಎಂದು ಬರೆದು ಅವನನ್ನು ಮನೆಗೆ ಕಳಿಸಿದರು. ನೀನು ಎಷ್ಟು ಆಫೀಸು ಸುತ್ತಿದೆ, ಎಷ್ಟು ಕುರ್ಚಿಗಳ ಮುಂದೆ ನಿಂತೆ, ನನಗೆ ಗೊತ್ತು. ಡೈರಿಯ ಹೆಸರು ಹಾಳಾಗಲಿ, ಆಗಲಾದರೂ ಇವರು ನೆಟ್ಟಗಾಗುತ್ತಾರೆ ಎಂದು ನೀನು ಅಂದುಕೊಂಡೆ. ಆದರೆ ಟ್ಯಾಂಕಿನಲ್ಲಿ ಇದ್ದದ್ದು ಮ್ಯಾನೇಜರರ ಹೆಸರಲ್ಲವಲ್ಲೇ. ಹಾಲು. ಅವರ ಮನೆಗೆ ಹಾಲು ಬೇರೆ ಕಡೆಯಿಂದ ಹೋಗುತ್ತದೆ, ಅದೂ ನಿನಗೆ ಗೊತ್ತಿತ್ತು.

ಈಗ ವಾಲ್ವಿನ ಮಾತು. ವಾಲ್ವ್ ಸೋರುತ್ತಿತ್ತು ಎಂದು ನಾನು ಹೇಳಿದರೆ ನಿನ್ನ ಮೇಲಿನ ಆರೋಪ ಇಳಿಯಬಹುದು. ಆದರೆ ಅದು ಗಾಳಿಯಲ್ಲಿ ತೇಲಿಹೋಗುವುದಿಲ್ಲ, ವಾಲ್ವ್ ನೋಡಿಕೊಳ್ಳುವ ಫಿಟ್ಟರನ ಮೇಲೆ ಬಂದು ಕೂರುತ್ತದೆ. ಅವನು ನಿನ್ನ ತಮ್ಮನ ಜಾಗಕ್ಕೆ ಬಂದವನು. ಹೋದ ತಿಂಗಳು ಮಗಳು ಹುಟ್ಟಿದಳೆಂದು ಲ್ಯಾಬಿಗೂ ಸಿಹಿ ತಂದು ಕೊಟ್ಟ. ಅವನ ಹೆಸರಿನ ಮುಂದೆ ಮ್ಯಾನೇಜರರು ಮತ್ತೆ ಅದೇ ಸ್ವಂತ ಅಜಾಗರೂಕತೆ ಎಂದು ಬರೆಯುತ್ತಾರೆ. ಅದೇ ಪೆನ್ನಿನಲ್ಲಿ. ಅದನ್ನು ನನ್ನ ಕೈಯಿಂದ ಮಾಡಿಸಬೇಡ. ನಿನ್ನ ತಮ್ಮನಿಗೂ ಇದು ಹೊಳೆದಿದೆ ಅನ್ನಿಸುತ್ತದೆ. ಅದಕ್ಕೇ ಆತ ಕೂರಲಿಲ್ಲ.

ಕೋರ್ಟಿನಲ್ಲಿ ನಾನು ನಡೆದದ್ದನ್ನು ಹೇಳುತ್ತೇನೆ. ನೀನಾಗಿಯೇ ಬಂದು ನನ್ನ ಹತ್ತಿರ ಒಪ್ಪಿಕೊಂಡೆ, ಯಾರೂ ನಿನ್ನನ್ನು ಹಿಡಿದಿರಲಿಲ್ಲ, ಡ್ರೈವರನ್ನು ಉಳಿಸಲು ಹೇಳಿದೆ ಎಂದೂ ಹೇಳುತ್ತೇನೆ. ಅಡ್ಡತಗಡಿನ ವಿಷಯ ಅವರು ಕೇಳದಿದ್ದರೂ ಹೇಳುತ್ತೇನೆ. ನಿಲ್ಲಿಸು ಎಂದರೂ ಮುಗಿಸಿಯೇ ನಿಲ್ಲಿಸುತ್ತೇನೆ. ಕೆಲಸ ಹೋದರೆ ಹೋಗಲಿ. ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಮೇಲೂ ಅನುಮಾನ ಪಡುವುದೇ ನನ್ನ ಸಂಬಳದ ಕೆಲಸ. ಸಾಕಾಗಿದೆ.

ಬಾಟಲಿಯ ವಿಷಯ ಬರೆಯಲು ಹೊರಟು ಎರಡು ಸಲ ಪೆನ್ನು ಕೆಳಗಿಟ್ಟೆ.

ನಿನ್ನ ಲಾಕರಿನಲ್ಲಿದ್ದ ಸ್ವೆಟರು, ಬಾಚಣಿಗೆ, ಉಪ್ಪಿನಕಾಯಿಯ ಸಣ್ಣ ಡಬ್ಬಿ ನನ್ನ ಹತ್ತಿರ ಇವೆ. ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತೇನೆ. ಉಪ್ಪಿನಕಾಯಿ ಚೆನ್ನಾಗಿಯೇ ಇದೆ, ಮೂಸಿ ನೋಡಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿ.ಪಿ. ಮಾತ್ರೆ ಬಿಡಬೇಡ. ಸಿಟ್ಟು ಬಂದರೆ ಈ ಕಾಗದ ಹರಿದು ಹಾಕು, ನಿನ್ನ ತಮ್ಮನ ಮೇಲೆ ಮಾತ್ರ ಹರಿಹಾಯಬೇಡ.

ಇನ್ನೂ ನಿನ್ನವಳೇ ಆದ,
ಮೂಸಕ್ಕ

ತಾ.ಕ.: ಬಾಟಲಿಯನ್ನು ಇವತ್ತು ಬೆಳಿಗ್ಗೆಯೇ ಕೋರ್ಟಿನ ಆಫೀಸಿಗೆ ಒಪ್ಪಿಸಿ ಬಂದೆ. ಬಂದ ಮೇಲೆ ಬರೆಯಲು ಕೂತೆ. ಮೊದಲು ಬರೆಯಲು ಕೂತಿದ್ದರೆ ಒಪ್ಪಿಸಲು ಆಗುತ್ತಿರಲಿಲ್ಲ. ಬುಧವಾರ ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ಫ್ರೀಜರಿನ ಸ್ವಿಚ್ ಆರಿಸಿ, ಬಾಗಿಲು ತೆರೆದು, ಅದರ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತಿದ್ದೆ. ಲ್ಯಾಬಿನೊಳಗೆ ಮಾತ್ರ ಕ್ಯಾಮೆರಾ ಹಾಕಿಲ್ಲ. ನಾನಿದ್ದೇನೆ ಎಂಬ ಧೈರ್ಯ ಅವರಿಗೆ. ಕರೆಂಟು ಹೋಗಿತ್ತು ಎಂದಿದ್ದರೆ ಮುಗಿದಿತ್ತು. ಬಾಟಲಿಯ ಮೇಲಿನ ಮಂಜು ಕರಗಿ ನೀರು ಇಳಿಯತೊಡಗುವವರೆಗೂ ಕೂತಿದ್ದು, ಆಮೇಲೆ ಸ್ವಿಚ್ ಹಾಕಿದೆ. ಇದನ್ನು ಯಾರಿಗೂ ಹೇಳಿಲ್ಲ. ಬಾಟಲಿಯನ್ನು ನಂಬಬೇಡಿ ಎಂದು ವಾದಿಸಲು ಬೇಕಾದರೆ ನಿನ್ನ ವಕೀಲರಿಗೆ ಹೇಳು.