ಅವ್ವನ ಕಣ್ಣಿನ ಒಳಪದರ

ಅವ್ವಾ,

ನೀ ದಾನ ಮಾಡಿದ ಕಣ್ಣಿನ ಮುಂದಿನ ತಿಳಿ ಪದರ, ಕಾರ್ನಿಯಾ, ಯಾರಿಗೋ ಹಾಕಿದ್ರು. ಉಳಿದದ್ದು ಹೈದರಾಬಾದಿನ ನಮ್ಮ ಕಾಲೇಜಿನ ಲ್ಯಾಬಿಗೆ ಬಂತು. ಇವತ್ತು ಅದರ ಸ್ಲೈಡ್ ಇಟ್ಟು ಪಾಠ ಮಾಡಿದೆ.

"ಇದು ಕೋರಾಯ್ಡ್, ಕಣ್ಣಿಗೆ ರಕ್ತ ಕೊಡೋ ಪದರ. ಹೊರಗ ದಪ್ಪ ನಾಳ, ಒಳಗ ಸಣ್ಣವು, ಬೆಳಕು ಹಿಡಿಯೋ ರೆಟಿನಾದ ಹಿಂದ ಬಲೆಯಂಗ ಹೆಣೆದ ಕೂದಲಿಗಿಂತ ಸಣ್ಣ ಕ್ಯಾಪಿಲರಿ ನಾಳ," ಅಂದೆ.

ಮನ್ಯಾಗ ಸಾಫ್ಟ್‌ವೇರ್ ಓದಂದ್ರೂ ಡಾಕ್ಟರಿಕಿಗೆ ಬಂದಿರೋ ನಮ್ಮ ಕಡಿ ವಿದ್ಯಾರ್ಥಿನಿ ದಾನೇಶ್ವರಿ ಮೈಕ್ರೊಸ್ಕೋಪಿನಾಗ ನೋಡಿ, "ಭಾಳ ಚಂದ ಐತ್ರಿ ಮೇಡಂ. ಯಾರದ್ರಿ?" ಅಂದ್ಲು.

"ನಮ್ಮವ್ವಂದು."

ಆಕಿ ಎದ್ದು ನನಗ ಕುರ್ಚಿ ಬಿಟ್ಟುಕೊಟ್ಟಳು. ನಾನೂ ನೋಡಿದೆ. ರೆಟಿನಾದಾಗೂ, ನಾಳದಾಗೂ ಎಲ್ಲೂ ಏನೂ ಕೆಟ್ಟಿರಲಿಲ್ಲ.

ಕೊನೀ ದಿನ ನಾ ಬರ್ತೀನಂತ ನೀ ಬಾಗಲಾ ಕಡಿನೇ ನೋಡಾಕತ್ತಿದ್ದಿ ಅಂತ ತಂಗಿ ರೇಣುಕಾ ಹೇಳಿದ್ಲು. ನಾ ಬರಲಿಲ್ಲ. ಅಷ್ಟೊತ್ತಿಗೆ ನಿನ್ನ ಕಣ್ಣು ಮಂಜಾಗಿದ್ವು, ಬಾಗಲಾಗ ನಾ ಇಲ್ಲದ್ದು ನಿನಗ ಕಾಣಲಿಲ್ಲ ಅಂತ ಇಷ್ಟು ದಿನ ತಿಳ್ಕೊಂಡಿದ್ದೆ.